ಗುಂಡುತೋಪಿನ ಬಾಗಿಲು

ಆ ವರ್ಷ ಸಂಕ್ರಾಂತಿ ಕಳೆದ ವಾರ ನಮ್ಮ ಮನೆಯಲ್ಲಿ ಇಬ್ಬರು ಬಾಣಂತಿಯರು. ಒಬ್ಬಳು ನಾನು, ಇನ್ನೊಬ್ಬಳು ಕೊಟ್ಟಿಗೆಯ ಕೆಂದ ಹಸು. ಹಸು ಹೆಣ್ಣುಗರು ಹಾಕಿತು, ಕರು ಬದುಕಿತು. ನನ್ನದೂ ಹೆಣ್ಣೇ. ಪಾಂಡವಪುರದ ಆಸ್ಪತ್ರೆಯಲ್ಲಿ ಹುಟ್ಟುವಾಗಲೇ ಅದಕ್ಕೆ ಉಸಿರಿರಲಿಲ್ಲ. ತೊಂಬತ್ತರ ದಶಕದ ನಡುಗಾಲ ಅದು. ಇಷ್ಟು ವರ್ಷವಾದ ಮೇಲೆ ಒಣ ದನಿಯಲ್ಲಿ ಹೇಳುತ್ತಿದ್ದೇನೆ ಅಂತ ಯಾರೂ ತಿಳಿಯಬೇಡಿ, ಅವತ್ತೂ ನನ್ನ ದನಿ ಹೀಗೇ ಇತ್ತು. ‘ಅತ್ತುಬುಡವ್ವ, ಎದೆ ಅಗುರಾಯ್ತದೆ’ ಎಂದು ಆಯಾ ಬೆನ್ನು ಸವರಿದಳು. ಬಂದರೆ ತಾನೆ ಅಳುವುದು? ನಾನು ಅವಳ ಕೈಬಳೆ ನೋಡುತ್ತಾ ಮಲಗಿದ್ದೆ.

ಮಗುವನ್ನು ನಾನು ನೋಡಲಿಲ್ಲ. ನಮ್ಮ ಮನೆತನದಲ್ಲಿ ಹಾಗೆ ಹೋದ ಕೂಸನ್ನು ತಾಯಿಗೆ ತೋರಿಸುತ್ತಿರಲಿಲ್ಲ. ಮಣ್ಣು ಮಾಡಿದ ಜಾಗವನ್ನೂ ಹೇಳುತ್ತಿರಲಿಲ್ಲ. ಹೇಳಿದರೆ ಅವಳ ಕಾಲು ಅಲ್ಲಿಗೇ ಎಳೆಯುತ್ತದೆ, ಮತ್ತೆ ಬಸಿರು ನಿಲ್ಲುವುದಿಲ್ಲ ಅಂತ. ನನ್ನ ಗಂಡ ಕೂಸನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಯಾರದೋ ಟೆಂಪೋ ಹತ್ತಿ ಊರಿಗೆ ಹೋದರಂತೆ. ಜೊತೆಗೆ ಅತ್ತೆ. ಎಲ್ಲಿಟ್ಟರು ಅನ್ನುವುದು ಆ ಇಬ್ಬರಿಗೆ ಮಾತ್ರ ಗೊತ್ತು. ಇಬ್ಬರ ಬಾಯಿಗೂ ಬೀಗ.

ಮನೆಗೆ ಬಂದ ದಿನ ಅತ್ತೆ ನನ್ನ ಎದೆಗೆ ಮಲ್ಲಿಗೆ ಹೂವಿಟ್ಟು ಬಟ್ಟೆ ಬಿಗಿದರು, ಹಾಲು ಬತ್ತಲಿ ಅಂತ. ಆ ಚಳಿಗಾಲದಲ್ಲಿ ಮಲ್ಲಿಗೆ ಎಲ್ಲಿ ಸಿಗಬೇಕು? ಶ್ರೀರಂಗಪಟ್ಟಣದ ಪೇಟೆಯಿಂದ ಹುಡುಕಿ ತರಿಸಿದ್ದರು. ನನಗೆ ಬಿಗಿದ ಕೈಯನ್ನೇ ತೊಳೆದುಕೊಂಡು ಕೊಟ್ಟಿಗೆಗೆ ಹೋಗಿ ಹಸುವಿನ ಕಸ ಕಟ್ಟಿದರು. ಕರು ಹಾಕಿದ ಮೇಲೆ ಬೀಳುವ ಮಾಸನ್ನು ನಮ್ಮ ಕಡೆ ಕಸ ಅನ್ನುತ್ತೇವೆ. ಅದನ್ನು ನಾಯಿ ಮುಟ್ಟಬಾರದು. ಹುಲ್ಲಿನಲ್ಲಿ ಸುತ್ತಿ, ಗೋಣಿತಾಟಿನ ತುಂಡಿನಲ್ಲಿ ಗಂಟು ಕಟ್ಟಿ, ಆಲದ ಮರಕ್ಕೆ ನೇತುಹಾಕಬೇಕು. ಆಲ ಹಾಲಿನ ಮರ, ಎಲೆ ಕಿತ್ತರೂ ಹಾಲು ಸುರಿಯುತ್ತದೆ, ಹಸುವಿನ ಕೆಚ್ಚಲೂ ಹಾಗೇ ತುಂಬಲಿ ಅಂತ. ಒಬ್ಬಳಿಗೆ ಹಾಲು ಹೆಚ್ಚಲಿ ಅಂತ, ಇನ್ನೊಬ್ಬಳಿಗೆ ಬತ್ತಲಿ ಅಂತ, ಎರಡು ಶಾಸ್ತ್ರವನ್ನೂ ಒಂದೇ ಮಧ್ಯಾಹ್ನ ಮುಗಿಸಿದರು ಮಹಾತಾಯಿ. ಎರಡೂ ಫಲ ಕೊಟ್ಟವು.

ನಮ್ಮ ಜಗಲಿಯಲ್ಲಿ ಕೂತರೆ ಗುಂಡುತೋಪಿನ ಆಲದ ಮರ ಕಾಣುತ್ತದೆ. ಊರಿಗೆಲ್ಲ ಸೇರಿದ ಜಾಗ ಅದು. ಹಿಂದೆ ಮಾವು, ಹಿಪ್ಪೆ ತುಂಬಿದ್ದ ತೋಪಂತೆ, ನಾನು ಸೊಸೆಯಾಗಿ ಬರುವ ಹೊತ್ತಿಗೆ ಆ ಒಂದು ಆಲ, ಅತ್ತಿತ್ತ ಒಂದಷ್ಟು ಜಾಲಿ ಉಳಿದಿದ್ದವು. ಸುತ್ತ ಎಲ್ಲಿ ನೋಡಿದರೂ ಕಬ್ಬು. ಆಲದ ಕೆಳಕೊಂಬೆಯಲ್ಲಿ ನಮ್ಮ ಹಸುವಿನ ಕಸದ ಗಂಟು ನೇತಾಡುತ್ತಿತ್ತು. ಬೆಳಿಗ್ಗೆ ಎದ್ದರೆ ಅದೇ, ಕಸ ಗುಡಿಸಿದರೆ ಅದೇ. ಹಸುವಿನ ಕಸ ಎಲ್ಲಿದೆ ಅಂತ ನನಗೆ ಗೊತ್ತಿತ್ತು, ನನ್ನ ಮಗಳು ಎಲ್ಲಿದ್ದಾಳೆ ಅಂತ ಗೊತ್ತಿರಲಿಲ್ಲ. ನನಗೆ ಬೇರೇನೂ ಬೇಕಿರಲಿಲ್ಲ. ಆ ಜಾಗವೊಂದು ಗೊತ್ತಾಗಿದ್ದರೆ ಸಾಕಿತ್ತು.

ಕೇಳಬಹುದಿತ್ತಲ್ಲ ಅನ್ನುತ್ತೀರಿ. ಕೇಳಲು ಒಳಗೆ ಏನಾದರೂ ಕುದಿಯಬೇಕು. ನನಗೆ ಏನೂ ಕುದಿಯುತ್ತಿರಲಿಲ್ಲ. ಮುದ್ದೆ ತಿರುವುತ್ತಿದ್ದೆ, ದನಕ್ಕೆ ಕಬ್ಬಿನ ಸೋಗೆ ಕತ್ತರಿಸುತ್ತಿದ್ದೆ, ಬಚ್ಚಲ ಒಲೆಗೆ ಉರಿ ಹಾಕುತ್ತಿದ್ದೆ. ಒಂದು ದಿನ ಟ್ರಂಕು ತೆಗೆದರೆ ಕೂಸಿನ ತಲೆಗೆ ಅಂತ ನಾನು ಹೊಲಿದಿಟ್ಟಿದ್ದ ಕುಲಾವಿ ಇರಲಿಲ್ಲ. ಕೆಂಪು ಫ್ಲಾನೆಲ್ ಬಟ್ಟೆ, ಅಂಚಿಗೆ ಹಳದಿ ಉಲ್ಲನ್ ದಾರ. ಅತ್ತೆ ಯಾವ ಮನೆಯ ಕೂಸಿಗೋ ಕೊಟ್ಟುಬಿಟ್ಟಿದ್ದಾರೆ ಅಂದುಕೊಂಡೆ. ಕೊಡಲಿ, ಹಾಳಾಗಿ ಹೋಗಲಿ, ನನಗೇನು ಅಂತ ಟ್ರಂಕು ಮುಚ್ಚಿದೆ. ಆಮೇಲೆ ನಮ್ಮವ್ವ ಬಂದು ನಾಗಮಂಗಲದ ಕಡೆಯ ತವರಿಗೆ ಕರೆದುಕೊಂಡು ಹೋದಳು. ಅಲ್ಲಿ ಹುರುಳಿ ಬಡಿಯುವ ಕಾಲ. ನಾನೂ ಕೂತು ಬಡಿದೆ. ಅವ್ವನೂ ಆ ಮಾತೆತ್ತಲಿಲ್ಲ. ಯುಗಾದಿ ಮುಗಿಸಿಕೊಂಡು ಗಂಡನ ಮನೆಗೆ ವಾಪಸು ಬಂದೆ.

ಬಂದಾಗ ಊರಿಗೆ ಒಬ್ಬರು ಹೊಸಬರು ಬಂದಿದ್ದರು. ಮೈಸೂರಿನ ಕಲಾವಿದರು, ಕುರುಚಲು ಗಡ್ಡ, ಖಾದಿ ಜುಬ್ಬ, ಕಾಲಿಗೆ ಟೈರಿನ ಚಪ್ಪಲಿ. ಪಂಚಾಯ್ತಿಯ ಒಪ್ಪಿಗೆ ಪಡೆದು ಗುಂಡುತೋಪಿನಲ್ಲಿ ಒಂದು ಕಲಾಕೃತಿ ಮಾಡುತ್ತಾರಂತೆ. ಬಣ್ಣದ ಒಂದು ಡಬ್ಬಿಯನ್ನೂ ತರದಿದ್ದರೂ ಊರವರು ಅವರಿಗೆ ಬಣ್ಣದ ಮೇಷ್ಟ್ರು ಅಂತಲೇ ಹೆಸರಿಟ್ಟರು. ಅವರ ಕೃತಿಗೆ ಬಣ್ಣ ಬೇಡ, ಕಲ್ಲು ಬೇಡ. ಆಲದ ದಪ್ಪ ಕೊಂಬೆಗಳನ್ನು ಕಡಿದು ಗೂಟದ ಹಾಗೆ ನೆಟ್ಟರೆ ಅವು ಚಿಗುರುತ್ತವೆ. ಅಂಥವನ್ನು ಬಳೆಯ ಹಾಗೆ ದುಂಡಗೆ ನೆಡುವುದು, ಬೆಳೆದಂತೆ ಕೊಂಬೆಗೆ ಕೊಂಬೆ ಹೆಣೆಯುವುದು, ಮುಂದೊಂದು ದಿನ ಮರಗಳೇ ಗೋಡೆ, ಮರಗಳೇ ಸೂರು. ಅದರೊಳಗೆ ಜನ ಬಂದು ಕೂರಬೇಕು.

‘ಕೂತ್ಕಂಡು ಏನ್ ಮಾಡಬೇಕು ಸಾ?’ ಎಂದು ನನ್ನ ಗಂಡ ಕೇಳಿದರು.

‘ಏನೂ ಮಾಡಬಾರದು. ಸುಮ್ನೆ ಕೂರಬೇಕು. ನಿಮ್ಮೂರಲ್ಲಿ ಕಬ್ಬು ಬಿಟ್ರೆ ಬೇರೇನೂ ಕಣ್ಣಿಗೆ ಬೀಳ್ತಿಲ್ಲ ಗೌಡ್ರೇ. ಮರ ಅಂದ್ರೆ ಸೌದೆ ಅಂತಾಗಿದೆ. ಒಂದು ಗಳಿಗೆ ಮರದ ಹೊಟ್ಟೆಯೊಳಗೆ ಕೂತು ಎದ್ದು ಹೋದ್ರೆ ಸಾಕು, ಆಮೇಲೆ ಕೊಡಲಿ ಎತ್ತೋಕೆ ಕೈ ಬರಲ್ಲ.’

ಮರದ ಹೊಟ್ಟೆ ಅಂದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಸುಮ್ಮನೆ ಕೂರುವುದರಲ್ಲಿ ಆಗ ಇಡೀ ತಾಲ್ಲೂಕಿಗೆ ನನ್ನಷ್ಟು ಪಳಗಿದವರು ಯಾರೂ ಇರಲಿಲ್ಲ. ನನ್ನಂಥವರನ್ನು ನಾಲ್ಕು ಜನ ತಂದು ಕೂರಿಸಿದರೆ ಇವರ ಕೃತಿ ಇವತ್ತೇ ಮುಗಿಯಿತು ಅಂದುಕೊಂಡೆ. ನಮ್ಮ ಗದ್ದೆ ತೋಪಿಗೆ ಅಂಟಿಕೊಂಡೇ ಇದ್ದುದರಿಂದ ಪಂಪಿನ ನೀರು, ಎತ್ತು, ಗಾಡಿ ಎಲ್ಲ ನಮ್ಮ ಮನೆಯದೇ ಅಂತಾಯಿತು. ಊಟವೂ ನಮ್ಮದೇ. ದಿನಾ ಮಧ್ಯಾಹ್ನ ತೋಪಿಗೆ ಬುತ್ತಿ ಹೊರುವ ಕೆಲಸ ನನ್ನ ಪಾಲಿಗೆ ಬಂತು.

ಮೇಷ್ಟ್ರು ನೆಲಕ್ಕೆ ನಡುಗೂಟ ಹೊಡೆದು, ಹಗ್ಗ ಕಟ್ಟಿ, ಸುತ್ತಿ ಸುಣ್ಣದ ಪುಡಿ ಉದುರಿಸಿ ದುಂಡನೆಯ ಗೆರೆ ಎಳೆದಿದ್ದರು. ಗೆರೆಯ ಮೇಲೆ ಗುಂಡಿ ತೋಡಬೇಕಾದಲ್ಲೆಲ್ಲ ಬಿದಿರ ಗೂಟ. ನಾನು ಬುತ್ತಿ ಇಳಿಸುವಾಗ ನನ್ನ ಗಂಡ ಒಂದು ಗೂಟ ಕಿತ್ತರು. ಮೇಷ್ಟ್ರು ಅದನ್ನು ಮತ್ತೆ ಅಲ್ಲೇ ಚುಚ್ಚಿದರು. ಇವರು ಮತ್ತೆ ಕಿತ್ತರು.

‘ಯಾಕ್ರೀ ಗೌಡ್ರೇ?’

‘ಅಲ್ಲಿ ಬ್ಯಾಡ ಸಾ. ಬಂಡೆ ಅದೆ.’

‘ನೋಡೇ ಬಿಡೋಣ’ ಎಂದು ಮೇಷ್ಟ್ರು ಹಾರೆ ಎತ್ತಿದರು. ನನ್ನ ಗಂಡ ಓಡಿಹೋಗಿ ಹಾರೆಗೆ ಎರಡೂ ಕೈ ಹಾಕಿ ಹಿಡಿದುಕೊಂಡರು. ಅದೇನು ಜಗಳವಲ್ಲ, ಸುಮ್ಮನೆ ಹಿಡಿದುಕೊಂಡರು. ಹಿಡಿದುಕೊಂಡೇ ನನ್ನ ಕಡೆ ತಿರುಗಿ ನೋಡಿದರು. ನಾನು ಅಲ್ಲಿರುವುದು ಅವರಿಗೆ ಆಗಲೇ ಗೊತ್ತಾದದ್ದು. ಆ ಮುಖ ನೋಡಿದ ಮೇಲೆ ನನಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಬಂಡೆಯೂ ಇಲ್ಲ ಮಣ್ಣೂ ಇಲ್ಲ, ಅಲ್ಲಿರುವುದು ನನ್ನ ಮಗಳು. ಜಗಲಿಯಲ್ಲಿ ಕೂತು ಅಷ್ಟು ದಿನ ಕಸದ ಗಂಟು ನೋಡಿದ್ದೆನಲ್ಲ, ಅದೇ ಗಂಟಿನ ಕೆಳಗೆ, ಸ್ವಲ್ಪ ಆಚೆ.

ಎದೆ ಒಡೆದುಹೋಗಬೇಕಿತ್ತು. ಏನೂ ಆಗಲಿಲ್ಲ. ತಟ್ಟೆ ಹರವಿದೆ, ಮುದ್ದೆ ಇಟ್ಟೆ, ಬಸ್ಸಾರು ಬಿಟ್ಟೆ. ಮೇಷ್ಟ್ರು ಕೈ ತೊಳೆಯುತ್ತಾ ನಗುನಗುತ್ತಲೇ ಅಂದರು, ‘ಸರಿ ಬಿಡಿ ಗೌಡ್ರೇ, ಒಳಗೆ ಬರೋಕೆ ಒಂದು ಬಾಗಿಲು ಬೇಕೇ ಬೇಕಲ್ಲ. ಅಲ್ಲಿ ಮರ ಬೇಡ, ಅದೇ ಬಾಗಿಲಾಗಲಿ.’ ನನ್ನ ಗಂಡ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಬೇಡ ಅನ್ನಲು ಇನ್ನೊಂದು ಬಂಡೆ ಎಲ್ಲಿಂದ ತರುತ್ತಾರೆ? ತಲೆಯಾಡಿಸಿದರು. ಊರೆಲ್ಲ ತುಳಿದುಕೊಂಡು ಓಡಾಡುವ ಬಾಗಿಲು ಅಲ್ಲಿಗೆ ಗೊತ್ತಾಯಿತು.

ಕೊಂಬೆಗಳನ್ನು ನೆಟ್ಟರು. ಕಡಿದ ತುದಿ ಬಿಸಿಲಿಗೆ ಒಣಗಬಾರದು ಅಂತ ಮೇಷ್ಟ್ರು ಒಂದೊಂದರ ನೆತ್ತಿಗೂ ಸಗಣಿ ಮೆತ್ತಿ, ಗೋಣಿತಾಟು ಸುತ್ತಿ, ಹುರಿಯಿಂದ ಬಿಗಿದರು. ಮಾರನೆಯ ಬೆಳಿಗ್ಗೆ ಮೇಲಿನ ಕೇರಿಯ ಅಜ್ಜಿಯೊಬ್ಬಳು ನೋಡಿ ಹೌಹಾರಿ ನಮ್ಮ ಬಾಗಿಲಿಗೆ ಬಂದಳು.

‘ಏನವ್ವಾ ಇದು, ಊರ್ನಾಗಿರೋ ಅಸ ಎಲ್ಲಾ ಒಂದೇ ದಿನ ಕರ ಆಕುದ್ವಾ? ಇಷ್ಟೊಂದು ಕಸ ಕಟ್ಟವ್ರಲ್ಲಾ!’

ನಮ್ಮ ಜಗಲಿಯಲ್ಲಿದ್ದ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಕಸವಲ್ಲ, ಸಗಣಿ ಅಂತ ಎಷ್ಟು ಹೇಳಿದರೂ ಅಜ್ಜಿ ನಂಬಲಿಲ್ಲ. ಆಲದ ಕೊಂಬೆ, ಅದಕ್ಕೆ ಗೋಣಿ ಗಂಟು, ಇನ್ನೇನಿರಲು ಸಾಧ್ಯ? ಅದೂ ಅಲ್ಲದೆ ದೊಡ್ಡ ಮರಕ್ಕೆ ಏಣಿ ಹಾಕುವುದಕ್ಕಿಂತ ಇದು ಕೈಗೆಟುಕುವ ಎತ್ತರ. ಅದೇ ವಾರ ಅಜ್ಜಿಯ ಎಮ್ಮೆ ಕರು ಹಾಕಿತು. ಅವಳು ನಿಜವಾದ ಕಸವನ್ನೇ ತಂದು ಒಂದು ಕೊಂಬೆಗೆ ಕಟ್ಟಿದಳು. ಎಮ್ಮೆ ಚೆನ್ನಾಗಿ ಹಾಲು ಕೊಟ್ಟಿತಂತೆ. ಅಷ್ಟೇ ಸಾಕಾಯಿತು. ನಮ್ಮೂರು ಸಾಲದು ಅಂತ ಕ್ಯಾತನಹಳ್ಳಿ ಕಡೆಯಿಂದಲೂ ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಬರತೊಡಗಿದರು. ಡೈರಿಗೆ ಹಾಲು ಹಾಕಿ ಬರುವವರು ಚಿಗುರು ಬಂತಾ, ಎಷ್ಟು ಎಲೆಯಾಯಿತು ಅಂತ ನಿಂತು ನೋಡುವುದು, ನೀರು ಹಾಕುವುದು. ಕೊಳೆತ ಕಸದ ನಾತಕ್ಕೆ ತೋಪಿನಲ್ಲಿ ಮೂಗು ಬಿಡುವಂತಿರಲಿಲ್ಲ. ಮೇಷ್ಟ್ರು ಮಾತ್ರ ಮೂಗಿಗೆ ಟವೆಲ್ಲು ಕಟ್ಟಿಕೊಂಡು ಕುಣಿಯುತ್ತಿದ್ದರು. ‘ನಾನು ಭಾಷಣ ಮಾಡಿದ್ರೆ ಇಷ್ಟು ಜನ ಬರ್ತಿದ್ರೇನ್ರೀ? ಒಂದು ಗಂಟನ್ನೂ ಬಿಚ್ಚಬೇಡಿ. ಇದೂ ಕೃತಿಯೊಳಗೇ ಸೇರ್ತು’ ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಸುಳ್ಳು ಯಾಕೆ ಹೇಳಲಿ.

ಆದರೆ ಬಂದವರೆಲ್ಲ ಬರುವುದು ಆ ಬಾಗಿಲಿನಲ್ಲಿ. ಚಪ್ಪಲಿ ಕಾಲು, ಸೈಕಲ್ಲು, ಕರು, ಮೇಕೆ. ಹುಲ್ಲು ಸವೆದು ನೆಲ ಬೆಳ್ಳಗಾಯಿತು. ಅತ್ತೆ ಸಂಜೆ ಹೊತ್ತು ಯಾರಿಗೂ ಹೇಳದೆ ಹೋಗಿ ಆ ಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ ಎಳೆದು ಬರುತ್ತಿದ್ದರು. ಬೆಳಿಗ್ಗೆ ಬಂದವರು ಅದನ್ನು ಕಾಲಲ್ಲಿ ತಳ್ಳಿ, ‘ಯಾವನ್ಲಾ ಅವ್ನು ದಾರೀಗೆ ಮುಳ್ಳಾಕೋನು, ಅವನ್ ಮನೆ ಆಳಾಗ’ ಎಂದು ಬಯ್ದು ಒಳಗೆ ಹೋಗುವರು. ಅತ್ತೆ ನಮ್ಮ ಜಗಲಿಯಲ್ಲಿ ಕೂತು ಆ ಬೈಗುಳವನ್ನೆಲ್ಲ ಕೇಳುವರು. ಸಂಜೆ ಮತ್ತೆ ಮುಳ್ಳು. ನನ್ನ ಗಂಡ ಪಂಪಿನ ಪೈಪು ಹಿಡಿದು ಸುತ್ತಲಿನ ಗಿಡಕ್ಕೆಲ್ಲ ನೀರು ಬಿಡುವರು, ಬಾಗಿಲ ಹತ್ತಿರ ಬಂದಾಗ ಪೈಪನ್ನು ಎತ್ತಿ ಹಿಡಿದು ದಾಟುವರು. ನಾನು ಬುತ್ತಿ ಹೊತ್ತು ಹೋದಾಗ ಕೊಂಬೆಗಳ ಸಂದಿಯಲ್ಲಿ ಮೈ ತೂರಿಸಿಕೊಂಡು ಒಳಗೆ ಹೋಗುತ್ತಿದ್ದೆ. ನನಗೆ ಗೊತ್ತು ಅಂತ ಅವರಿಗೆ ನಾನು ಹೇಳಲಿಲ್ಲ. ಅವರು ನನಗೆ ಹೇಳಲಿಲ್ಲ. ಒಂದೇ ಪಡಸಾಲೆಯಲ್ಲಿ ಮೂರು ಜನ ಉಣ್ಣುತ್ತಿದ್ದೆವು, ಉಪ್ಪು ಹಾಕು, ನೀರು ಕೊಡು, ಅಷ್ಟೇ ಮಾತು.

ಮುಂಗಾರಿನ ಮೊದಲ ಮಳೆ ಬಿದ್ದು ಕೊಂಬೆಗಳೆಲ್ಲ ಕೆಂಪಗೆ ಚಿಗುರಿದವು. ಉದ್ಘಾಟನೆ ಅಂತ ಗೊತ್ತು ಮಾಡಿದರು. ಮೈಸೂರಿನಿಂದ ಮೇಷ್ಟ್ರ ಕಡೆಯ ನಾಲ್ಕು ಜನ, ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬರುವವರಿದ್ದರು. ಊರ ಹೆಂಗಸರಿಗೆ ನೀರುಮಜ್ಜಿಗೆಯ ಕೆಲಸ. ನಾನು ಬಿಂದಿಗೆ ಹೊತ್ತು ತೋಪಿಗೆ ಹೋದಾಗ ಅಧಿಕಾರಿ ಇನ್ನೂ ಬಂದಿರಲಿಲ್ಲ. ಪಂಚಾಯ್ತಿಯ ನೀರುಗಂಟಿ ಎರಡು ಬಾಳೆಕಂದು ತಂದು ಬಾಗಿಲ ಹತ್ತಿರ ಒರಗಿಸಿ, ಹಾರೆ ಹಿಡಿದು ನಿಂತಿದ್ದ. ಬಾಗಿಲು ಅಂದ ಮೇಲೆ ಬಾಳೆಕಂದು ಬೇಡವೇ? ಅಂಗೈಗೆ ಉಗುಳಿಕೊಂಡು ಹಾರೆ ಎತ್ತಿದ.

ನನ್ನ ಗಂಡ ಎಲ್ಲಿದ್ದಾರೆ ಅಂತ ನೋಡಿದೆ. ಆಲದ ಬುಡದಲ್ಲಿ ನಿಂತಿದ್ದರು. ಕಣ್ಣು ಆ ಹಾರೆಯ ಮೇಲೇ ಇತ್ತು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಅಷ್ಟು ಜನರ ನಡುವೆ ಆ ಇಬ್ಬರೂ ಹಾಗೆ ನಿಂತದ್ದನ್ನು ನೋಡಿ ನನಗೆ ಕೆಟ್ಟ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಬಂದ ಮೊದಲನೆಯ ಸಿಟ್ಟು ಅದು. ನನಗೆ ಹೇಳದೆ ಮುಚ್ಚಿಟ್ಟಿರಲ್ಲ, ಈಗಲಾದರೂ ಹೇಳಿ, ಆ ಹಾರೆಯವನಿಗಾದರೂ ಹೇಳಿ! ಬಿಂದಿಗೆ ಅಲ್ಲೇ ಬಿಟ್ಟೆ. ಮಜ್ಜಿಗೆ ಚೆಲ್ಲಿಹೋಯಿತು.

‘ಏಯ್, ಎತ್ತೋ ಆರೆಯ! ಅಲ್ಲಿ ಬ್ಯಾಡ. ಅಲ್ಲಿ ನನ್ ಮಗಳವ್ಳೆ!’

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ನೀರುಗಂಟಿ ಹಾರೆಯನ್ನು ಎತ್ತಿದ ಹಾಗೇ ಹಿಂದೆ ಹಿಂದೆ ನಡೆದು, ಗೆರೆಯಾಚೆ ಹೋಗಿ ಮೆತ್ತಗೆ ಕೆಳಗಿಟ್ಟ. ಬಾಗಿಲಲ್ಲಿ ನಿಂತಿದ್ದವರು ಕಾಲ ಕೆಳಗೆ ಬೆಂಕಿ ಬಿದ್ದ ಹಾಗೆ ಸರಿದರು. ಬಯ್ದು ಮುಳ್ಳು ತಳ್ಳುತ್ತಿದ್ದವರೂ ಅದರಲ್ಲಿದ್ದರು. ಒಬ್ಬೊಬ್ಬರೇ ಚಪ್ಪಲಿ ಬಿಟ್ಟರು.

ಅತ್ತೆ ನನ್ನ ರಟ್ಟೆ ಹಿಡಿದರು. ‘ಯಾರೇ ಯೋಳ್ದೋರು ನಿಂಗೆ? ಯಾರ್ ಯೋಳುದ್ರು?’

‘ಯಾರೂ ಯೋಳ್ನಿಲ್ಲ ಅತ್ತೆ. ನೀವಿಬ್ರೂ ಯೋಳ್ದೇ ಇದ್ದದ್ರಲ್ಲೇ ಗೊತ್ತಾಯ್ತು.’

ಮೇಷ್ಟ್ರು ನನ್ನನ್ನು ನೋಡಿದರು, ನನ್ನ ಗಂಡನನ್ನು ನೋಡಿದರು. ಬಂಡೆಯ ಮಾತು ಅವರಿಗೆ ನೆನಪಾಗಿರಬೇಕು. ಆಚೆ ಬದಿಗೆ ಹೋಗಿ, ಚೆನ್ನಾಗಿ ಚಿಗುರಿದ್ದ ಒಂದು ಕೊಂಬೆಯ ಬುಡವನ್ನು ತಾವೇ ಕೂತು ಕೈಯಲ್ಲಿ ಬಿಡಿಸಿ, ಬೇರು ಹರಿಯದಂತೆ ಎತ್ತಿದರು. ‘ಬಾಗಿಲು ಈ ಕಡೆ’ ಅಂದರು, ಅಷ್ಟೇ. ಅಧಿಕಾರಿ ಬಂದು ಆ ಹೊಸ ಬಾಗಿಲಿನಲ್ಲೇ ಒಳಗೆ ಹೋಗಿ, ಮನುಷ್ಯನಿಗೂ ಪ್ರಕೃತಿಗೂ ಇರುವ ನಂಟಿನ ಬಗ್ಗೆ ಮೂಗು ಮುಚ್ಚಿಕೊಂಡೇ ಬಹಳ ಹೊತ್ತು ಮಾತಾಡಿದರಂತೆ. ನಾನು ಮನೆಗೆ ಬಂದು ಮಲಗಿಬಿಟ್ಟಿದ್ದೆ.

ಸಂಜೆ ಜನವೆಲ್ಲ ಹೋದ ಮೇಲೆ ನನ್ನ ಗಂಡ ಜಗಲಿಯ ಹತ್ತಿರ ಬಂದು ನಿಂತರು. ಕಿತ್ತ ಕೊಂಬೆ ಹೆಗಲ ಮೇಲಿತ್ತು, ಒದ್ದೆ ಗೋಣಿಯಲ್ಲಿ ಬೇರು ಸುತ್ತಿತ್ತು. ‘ಬಾ’ ಅಂದರು. ಅತ್ತೆ ತಡೆಯಲಿಲ್ಲ. ಹಿತ್ತಲಿಂದ ಒಂದು ಕೊಡ ನೀರು ತಂದು ನನ್ನ ಸೊಂಟಕ್ಕೆ ಇಟ್ಟರು.

ಹಳೆಯ ಬಾಗಿಲ ಹತ್ತಿರ ನನ್ನ ಗಂಡ ಗೆರೆಯಿಂದ ಹೊರಕ್ಕೆ ಒಂದು ಮಾರು ದೂರ ಹೋಗಿ, ಪಾದದಿಂದ ನೆಲ ತಟ್ಟಿ ನೋಡಿ, ಅಲ್ಲಿ ಗುಂಡಿ ತೋಡಿ ಕೊಂಬೆ ನೆಟ್ಟರು. ಅಷ್ಟು ಖಾತ್ರಿಯಾಗಿ ಅಳತೆ ಗೊತ್ತಿತ್ತು ಅವರಿಗೆ. ನಾನು ನೀರು ಹಾಕಿದೆ.

‘ತಲೆ ಯಾವ ಕಡೆ?’ ಎಂದು ಕೇಳಿದೆ.

‘ಈ ಕಡೆ. ಗಿಡದ ಕಡೆ. ತೆಂಕಲಿಗೆ ಮಡಗಿವ್ನಿ.’

ನಾನು ಆ ಬಾಗಿಲ ಜಾಗದಲ್ಲೇ ಕೂತೆ. ತುಳಿದು ತುಳಿದು ನೆಲ ಗಟ್ಟಿಯಾಗಿತ್ತು, ಮಳೆ ಬಿದ್ದಿದ್ದರೂ ಬೆರಳು ಇಳಿಯಲಿಲ್ಲ. ಅಂಗೈ ಊರಿಕೊಂಡು ಸುಮ್ಮನೆ ಕೂತಿದ್ದೆ. ಅಳು ಬರಲಿಲ್ಲ. ಇನ್ನು ಬರುವುದೂ ಇಲ್ಲವೇನೋ ಅನ್ನಿಸಿತು. ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೈಗೆ ಅಂಟಿದ ಮಣ್ಣನ್ನು ಉಜ್ಜಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

‘ಟ್ರಂಕು ತೆಗ್ದು ನಿನ್ನ ಕುಲಾವಿ ತಕ್ಕೊಂಡಿದ್ದೆ ಕಣೆ. ನಿಂಗೆ ಯೋಳ್ನಿಲ್ಲ. ಅವತ್ತು ಚಳಿ ಬಾಳ ಇತ್ತಲ್ಲಾ, ಅದ್ಕೇ ಆಕ್ದೆ. ಗಲ್ಲದ ಕೆಳಗೆ ದಾರ ಕಟ್ಟಾಕೆ ಬರ್ನಿಲ್ಲ ನಂಗೆ. ಇಂಗೇ ಒಂದು ಗಂಟಾಕ್ದೆ. ಸರಿಯಾಯ್ತೋ ಇಲ್ವೋ.’

ಎಂದು ತಮ್ಮ ದಪ್ಪ ಬೆರಳುಗಳಲ್ಲಿ ಗಾಳಿಯಲ್ಲಿ ಆ ಗಂಟು ಹಾಕಿ ತೋರಿಸಿದರು. ಕುಲಾವಿಯ ದಾರ ಕಟ್ಟುವುದು ಹಾಗಲ್ಲ. ಎತ್ತಿನ ಮೂಗುದಾರಕ್ಕೆ ಹಾಕುವ ಗಂಟು ಅದು.

ಆಗ ನನಗೆ ಅಳು ಬಂತು. ಅವರು ಸುಮ್ಮನಿರು ಅನ್ನಲಿಲ್ಲ.